ಉರುಗ್ವೆಯಲ್ಲಿ ಗಜಾನನನ ಕುದಿನೀರು

ಕದ್ವಾಡ, ನಮ್ಮ ಅಡುಗೆಮನೆ

ಫೆಬ್ರವರಿ ಒಂಬತ್ತು, ಸೋಮವಾರ, ಸಂಜೆ ಆರು ಗಂಟೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಸುಶೀಲಾ, ಮತ್ತು ಫೋನಿನ ಪರದೆಯ ಮೇಲೆ ಅವಳ ತಮ್ಮ ಗಜಾನನ. ನಮ್ಮಲ್ಲಿ ದೀಪ ಹಚ್ಚುವ ಹೊತ್ತು, ಅವನಿರುವ ಉರುಗ್ವೆ ದೇಶದಲ್ಲಿ ಬೆಳಗಿನ ತಿಂಡಿಯ ಹೊತ್ತು. ಗಜಾನನ ಅಂಕೋಲೆಯ ಹತ್ತಿರದ ಕೇಣಿಯವನು. ಹಡಗಿನಲ್ಲಿ ಅಡುಗೆಯವನಾಗಿ ಬಹಳ ಸಮುದ್ರ ಸುತ್ತಿ, ದಕ್ಷಿಣ ಅಮೆರಿಕದ ಒಂದು ಸಣ್ಣ ಬಂದರಿನಲ್ಲಿ ಎಲೆನಾ ಎಂಬವಳನ್ನು ಮದುವೆಯಾಗಿ, ಅಲ್ಲೇ ಮೀನೂಟದ ಖಾನಾವಳಿ ಇಟ್ಟುಕೊಂಡಿದ್ದಾನೆ.

ಮಾತಾಡುತ್ತಿದ್ದ ಸುಶೀಲಾ ಪರದೆಗೆ ಮುಖ ಹತ್ತಿರ ತಂದಳು. "ಗಜೂ, ಬ್ರೆಡ್ಡು ಯಾಕೆ ಹಾಲಲ್ಲಿ ಅದ್ದಿ ಅದ್ದಿ ತಿಂತಿ?"

"ಹಿಂಗೇ ರುಚಿ ಅಕ್ಕಾ."

"ನೀನು ಒಣ ರೊಟ್ಟಿ ಕಡಿಯೂವಂವ. ಒಂದು ತುಂಡು ಒಣಾದು ಕಡ್ದು ನುಂಗು, ನೋಡ್ವಾ."

"ಈಗ ಗಿರಾಕಿ ಬರೂ ಹೊತ್ತು" ಎಂದು ಅವನು ಫೋನು ಇಟ್ಟ.

ಸುಶೀಲಾ ಆ ರಾತ್ರಿ ಊಟ ಬಡಿಸಿದಳು, ತಾನು ಉಣ್ಣಲಿಲ್ಲ. ಕಾರಣ ಕೇಳಬೇಕಾಗಿರಲಿಲ್ಲ. ಅವರ ಅಪ್ಪ ಅನ್ನನಾಳದ ಕ್ಯಾನ್ಸರಿನಿಂದ ತೀರಿಕೊಂಡವರು. ಅವರಿಗೂ ಹೀಗೆಯೇ ಶುರುವಾಗಿತ್ತು. ಮೊದಲು ರೊಟ್ಟಿ ಬಿಟ್ಟರು, ಆಮೇಲೆ ಅನ್ನ, ಕಡೆಗೆ ಗಂಜಿಯ ತಿಳಿಯೂ ಇಳಿಯಲಿಲ್ಲ. ಅವರು ಎಲೆಅಡಿಕೆಯ ಕವಳ ಹಾಕಿ, ತಂಬಾಕು ದವಡೆಯಲ್ಲಿಟ್ಟುಕೊಂಡೇ ಮಲಗುತ್ತಿದ್ದವರು. ಗಜಾನನ ಅಪ್ಪನನ್ನು ನೋಡಿ ಹೆದರಿ ಕವಳದ ತಟ್ಟೆಯನ್ನೇ ಮುಟ್ಟದವನು.

ಮರುದಿನ ಎಲೆನಾಳ ಸಂದೇಶ ಬಂತು. ಫೋನೇ ಅದನ್ನು ಕನ್ನಡಕ್ಕೆ ತಿರುಗಿಸಿಕೊಟ್ಟಿತು. ಕನ್ನಡ ಸೊಟ್ಟಗಿತ್ತು, ವಿಷಯ ನೆಟ್ಟಗಿತ್ತು. ಕೆಲವು ತಿಂಗಳಿಂದ ಅವನಿಗೆ ತುತ್ತು ಎದೆಯ ಹತ್ತಿರ ಸಿಕ್ಕಿಕೊಳ್ಳುತ್ತದೆ, ವೈದ್ಯರು ಗಂಟಲಲ್ಲಿ ನಳಿಗೆ ಇಳಿಸಿ ನೋಡಬೇಕೆನ್ನುತ್ತಾರೆ, ಅವನು ಒಪ್ಪುವುದಿಲ್ಲ, ಅಕ್ಕ ಬಂದು ಹೇಳಿದರೆ ಒಪ್ಪಬಹುದು.

ಹೊರಡುವ ಮುನ್ನ ಕೇಣಿಗೆ ಹೋದೆವು. ಸುಶೀಲಾಳ ದೊಡ್ಡಕ್ಕ ನಾಗವೇಣಿಯಕ್ಕ ಅಲ್ಲಿದ್ದಾರೆ. ತಾಯಿ ಇಲ್ಲದ ಗಜಾನನನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವರು ಅವರೇ. ಎಲ್ಲವನ್ನೂ ಕೇಳಿ, ಕೈಯಲ್ಲಿದ್ದ ಬಳಚಿನ ಚಿಪ್ಪು ಒಡೆದು ಮುಗಿಸಿ, ಆಮೇಲೆ ಮಾತಾಡಿದರು.

"ಅಪ್ಪಂಗೆ ಎಂತದೂ ಇಲ್ಲ, ಬರೀ ಹುಣ್ಣು ಅಂತ ಎಲ್ಲಾರೂ ನಂಗೆ ಸುಳ್ಳು ಹೇಳಿದ್ರು. ನಂಗೆ ನೋವಾಗ್ತದಂತೆ. ಈ ಸರ್ತಿ ಫೋನಲ್ಲಿ ಯಾರೂ ಎಂತದೂ ಹೇಳೂದು ಬೇಡ. ನೀವು ಬಂದು ನನ್ನ ಎದುರು ಕೂತು ಹೇಳ್ಬೇಕು ಮಾರಾಯ್ರೇ. ಅಲ್ಲಿವರೆಗೆ ರಾತ್ರಿ ಅನ್ನ ಬಿಟ್ಟೆ. ದೇವರಿಗೆ ಹೇಳಿಕೊಂಡಾಯ್ತು."

"ನಾನೇ ಯಾಕೆ?" ಎಂದೆ.

"ನಿಮ್ಗೆ ಸುಳ್ಳು ಹೇಳೂಕೆ ಬರೂದಿಲ್ಲಲ್ಲ."

"ಅದು ಖರೆ" ಎಂದಳು ಸುಶೀಲಾ. "ನನ್ನ ನೋಡೂಕೆ ಬಂದ ದಿನ, ಹುಡುಗಿ ಹೆಂಗೆ ಅಂತ ಅವ್ರ ಅಮ್ಮ ಕೇಳಿದ್ರೆ 'ಸಾಧಾರಣ' ಅಂದವ್ರು."

ನಾನು ಕೈಗಾ ಅಣುಸ್ಥಾವರದಲ್ಲಿ ಮಾಪಕಗಳನ್ನು ಓದುವ ಕೆಲಸ ಮಾಡಿ ನಿವೃತ್ತನಾದವನು. ಮುಳ್ಳು ಎಲ್ಲಿ ನಿಂತಿದೆಯೋ ಅದನ್ನೇ ಬರೆಯಬೇಕು, ಎಲ್ಲಿ ನಿಂತರೆ ಚೆನ್ನ ಎಂದು ನಮಗನ್ನಿಸುತ್ತದೋ ಅದನ್ನಲ್ಲ. ಕಂಪನಿಯ ಬಸ್ಸಿಗೆ ಒಂದು ದಿನವೂ ತಡವಾಗಿ ಹೋದವನಲ್ಲ. ಮನೆಯಲ್ಲಿ ಈ ಅಭ್ಯಾಸಕ್ಕೆ ಹೆಚ್ಚು ಬೆಲೆ ಸಿಕ್ಕಿರಲಿಲ್ಲ. ಅಂದು ಮೊದಲ ಸಲ ಸಿಕ್ಕಿತು.

ಮೊಂತೆವಿದೆಯೊ

ಗೋವಾದಿಂದ ಹೊರಟ ಪ್ರಯಾಣವನ್ನು ವಿವರಿಸುವುದಿಲ್ಲ. ಕುಳಿತೆವು, ಇಳಿದೆವು, ಮತ್ತೆ ಕುಳಿತೆವು. ಸುಶೀಲಾ ತಮ್ಮನಿಗೆಂದು ಕಷಾಯದ ಪುಡಿ ಮತ್ತು ಮುರುಗಲ ಹಣ್ಣಿನ ಒಣ ಸಿಪ್ಪೆ ಕಟ್ಟಿಕೊಂಡಿದ್ದಳು. ಮೊಂತೆವಿದೆಯೊ ವಿಮಾನ ನಿಲ್ದಾಣದ ಅಧಿಕಾರಿಣಿ ಸಿಪ್ಪೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ತೊಗಲೇ ಎಂಬಂತೆ ನೋಡಿ, ಕಸದ ಡಬ್ಬಿಗೆ ಹಾಕಿದಳು. ಪುಡಿಯ ಡಬ್ಬಿ ತೆಗೆದು ಮೂಸಿದಳು. ಕಾಳುಮೆಣಸು, ಒಣಶುಂಠಿ ತಮ್ಮ ಕೆಲಸ ಮಾಡಿದವು. ಅವಳು ಸೀನಿದಳು, ಪಕ್ಕದವನೂ ಸೀನಿದ. ಕಣ್ಣೊರೆಸಿಕೊಂಡು "ಔಷಧವೇ?" ಎಂದು ಕೇಳಿದಳು. ನಾನು ಉತ್ತರ ಯೋಚಿಸುವಷ್ಟರಲ್ಲಿ ಸುಶೀಲಾ "ಎಸ್, ಎಸ್" ಎಂದು ಡಬ್ಬಿ ಇಸಿದುಕೊಂಡು ನಡೆದುಬಿಟ್ಟಳು.

ಹೊರಗೆ ಬಂದಾಗ ಮೊದಲು ಕಂಡದ್ದು ಬಗಲಿನ ಫ್ಲಾಸ್ಕುಗಳು. ಅಲ್ಲಿಯವರು ಫ್ಲಾಸ್ಕನ್ನು ಚೀಲದಲ್ಲಿ ಇಡುವುದಿಲ್ಲ. ನಮ್ಮ ಕಡೆ ಮಳೆ ನಿಂತ ಮೇಲೆ ಕೊಡೆ ಹಿಡಿಯುವಂತೆ ಎಡ ಬಗಲಲ್ಲಿ ಅವುಚಿ ಹಿಡಿಯುತ್ತಾರೆ. ಅದೇ ಕೈಯಲ್ಲಿ ಒಣಗಿದ ಸೋರೆಬುರುಡೆಯ ಬಟ್ಟಲು. ಬಟ್ಟಲ ತುಂಬ ಹಸಿರು ಎಲೆಯ ಪುಡಿ, ಅದರಲ್ಲಿ ನೆಟ್ಟ ಒಂದು ಲೋಹದ ಕೊಳವೆ. ಬಿಸಿನೀರು ಸುರಿಯುವುದು, ಕೊಳವೆಯಿಂದ ಹೀರುವುದು, ಮತ್ತೆ ಸುರಿಯುವುದು. ಇದೇ ಅವರ ಮಾಟೆ. ನಾಯಿ ಹಿಡಿದು ನಡೆಯುವವರು, ಮಗುವಿನ ಗಾಡಿ ತಳ್ಳುವವರು, ಬಸ್ಸು ಕಾಯುವವರು, ಎಲ್ಲರ ಬಗಲಲ್ಲೂ ಫ್ಲಾಸ್ಕು. ಆಗ ಅಲ್ಲಿ ಕಡು ಬೇಸಿಗೆ. ಕಡಲ ದಂಡೆಯಲ್ಲಿ ಚಡ್ಡಿಯಲ್ಲಿ ಮಲಗಿದವರೂ ಕುದಿನೀರು ಹೀರುತ್ತಿದ್ದರು. ನಗಲು ಹೋದವನು ಸುಮ್ಮನಾದೆ. ಏಪ್ರಿಲ್ ಮಧ್ಯಾಹ್ನ ಕಾರವಾರದ ಬಸ್ ನಿಲ್ದಾಣದಲ್ಲಿ ಬೆವರೊರೆಸಿಕೊಳ್ಳುತ್ತ ಬಿಸಿ ಚಾ ಕುಡಿಯುವವರ ಸಾಲಿನಲ್ಲಿ ನಾನೂ ನಿಂತಿದ್ದೇನೆ.

ಗಜಾನನನ ಹಿತ್ತಲು

ಗಜಾನನ ತನ್ನ ಊರಿನ ಬಸ್ ನಿಲ್ದಾಣಕ್ಕೆ ಬಂದಿದ್ದ. ಬಗಲಲ್ಲಿ ಫ್ಲಾಸ್ಕು. ಫೋನಿನಲ್ಲಿ ಕಂಡದ್ದಕ್ಕಿಂತ ತೆಳ್ಳಗಾಗಿದ್ದ. ಅವನ ಕನ್ನಡ ಮಾತ್ರ ಅವನು ಹಡಗು ಹತ್ತಿದ ದಿನ ಹೇಗಿತ್ತೋ ಹಾಗೆಯೇ ಇತ್ತು. ಕೇಣಿಯವರೇ ಮರೆತ ಬೈಗುಳಗಳು ಅವನ ಬಾಯಲ್ಲಿ ಇನ್ನೂ ಬದುಕಿದ್ದವು.

ಸಂಜೆ ಖಾನಾವಳಿಯ ಹಿತ್ತಲಲ್ಲಿ ಕುಳಿತೆವು. ನಾವಿಬ್ಬರು, ಗಜಾನನ, ಎಲೆನಾ, ಮತ್ತು ಪಕ್ಕದ ಮನೆಯ ರುಬೆನ್ ಎಂಬ ಮುದುಕ. ಅವನು ಬಲೆ ಹೆಣೆಯುವವನು, ಎರಡು ಹಲ್ಲು ಬಿಟ್ಟರೆ ಬಾಯಿ ಖಾಲಿ. ಎದುರಿಗೆ ಹೊಳೆಯ ಮುಖ. ಹೊಳೆಯೆಂದು ಅವರು ಹೇಳಿದ್ದಕ್ಕೆ ನಂಬಬೇಕು, ಆಚೆ ದಂಡೆ ಕಾಣುವುದಿಲ್ಲ. ಮಳೆಗಾಲದ ಮೊದಲ ವಾರ ಕಾಳಿ ನದಿ ಸಮುದ್ರ ಸೇರುವಲ್ಲಿ ಬರುವ ರಾಡಿ ಬಣ್ಣ ಅಲ್ಲಿ ವರ್ಷವಿಡೀ.

ಸುಶೀಲಾ ನೇರವಾಗಿ ವಿಷಯಕ್ಕೆ ಬಂದಳು. "ನಾಳೆ ಹೋಗಿ ನಳಿಗೆ ಹಾಕಿಸ್ಕೊ."

"ಬೇಡ ಅಕ್ಕಾ. ಅಪ್ಪಂಗೂ ನಳಿಗೆ ಹಾಕಿದ ಮೇಲೇ ಅಲ್ವಾ ಆಗಿದ್ದು? ಅಲ್ಲಿವರೆಗೆ ಅಂವ ನಡ್ದೇ ಪೇಟೆಗೆ ಹೋಗ್ತಿದ್ದ. ನೋಡೂಕೆ ಹೋದ್ರೇ ರೋಗ ಸಿಕ್ಕೂದು."

"ನೋಡದಿದ್ರೆ ಇರೂದಿಲ್ವಾ, ಪೆದ್ದಾ?"

"ಇರ್ತದೆ. ಆದ್ರೆ ನಂಗೆ ಗೊತ್ತಿರೂದಿಲ್ಲ."

ಎಲೆನಾಗೆ ಕನ್ನಡ ತಿಳಿಯದು, ಆದರೆ ಉತ್ತರ ತಿಳಿಯಿತು. ಮುಖ ಆಚೆ ತಿರುಗಿಸಿದಳು. ರುಬೆನ್ ತಾನಾಗಿ ಮಾತು ಶುರುಮಾಡಿದ, ಗಜಾನನ ತರ್ಜುಮೆ ಮಾಡಿದ. ರುಬೆನ್‌ನ ತಮ್ಮ ಇದೇ ರೋಗದಿಂದ ಸತ್ತನಂತೆ, ದಿನವಿಡೀ ಮಾಟೆ ಕುಡಿಯುತ್ತಿದ್ದನಂತೆ. ಈ ಸೀಮೆಯಲ್ಲಿ ಈ ರೋಗ ಹೆಚ್ಚೆಂದು ಹೇಳುತ್ತಾರಂತೆ. ಆದರೆ ಅವರ ತಾಯಿಯೂ ದಿನವಿಡೀ ಮಾಟೆ ಕುಡಿದೇ ತೊಂಬತ್ತು ದಾಟಿದಳಂತೆ. "ಹಾಗಾದರೆ ಹೇಳಿ, ಎಲೆಯದ್ದು ತಪ್ಪೋ ಅಲ್ಲವೋ?" ಎಂದು ನನ್ನನ್ನೇ ಕೇಳಿದ.

ಈ ತರದ ಪ್ರಶ್ನೆಗೆ ನಾನು ಹೊಸಬನಲ್ಲ. ಕೈಗಾಕ್ಕೆ ಹೋಗುತ್ತಿದ್ದ ಕಾಲದಲ್ಲಿ ಊರಲ್ಲಿ ಯಾರಿಗೆ ಏನು ಜಡ್ಡು ಬಂದರೂ ಮದುವೆ ಮನೆಯಲ್ಲಿ ನನ್ನ ಪಂಕ್ತಿಯಲ್ಲಿ ಯಾರಾದರೊಬ್ಬರು "ಹೌದೋ, ಅದ್ರಿಂದ್ಲೇ ಅಂತಾರಲ್ಲ?" ಎಂದು ಕೇಳುತ್ತಿದ್ದರು. ಒಬ್ಬನ ಸಾವಿನಿಂದ ಕಾರಣ ತಿಳಿಯುವುದಿಲ್ಲ, ಒಬ್ಬಳ ಆಯುಷ್ಯದಿಂದಲೂ ತಿಳಿಯುವುದಿಲ್ಲ ಎಂದು ಅವರಿಗೆ ಹೇಳುತ್ತಿದ್ದುದನ್ನೇ ರುಬೆನ್‌ಗೂ ಹೇಳಿದೆ. ಅವನಿಗೂ ಅವರಂತೆಯೇ ನಿರಾಸೆಯಾಯಿತು.

ಅಷ್ಟರಲ್ಲಿ ಮಾಟೆ ಶುರುವಾಯಿತು. ಒಬ್ಬನೇ ಸುರಿಯುವವನು, ಅದು ಗಜಾನನ. ಒಂದೇ ಬಟ್ಟಲು, ಒಂದೇ ಕೊಳವೆ. ಎಲೆನಾ ಹೀರಿ ಹಿಂತಿರುಗಿಸಿದಳು. ಅದಕ್ಕೇ ನೀರು ಹಾಕಿ ರುಬೆನ್‌ಗೆ ಕೊಟ್ಟ. ರುಬೆನ್ ಎರಡು ಹಲ್ಲಿನ ನಡುವೆ ಕೊಳವೆ ಸಿಕ್ಕಿಸಿಕೊಂಡು ಸೊರ್ ಸೊರ್ ಎಂದು ಮುಗಿಸಿದ. ಮತ್ತೆ ನೀರು ತುಂಬಿ, ಕೊಳವೆಯನ್ನು ಒರೆಸದೆ, ಗಜಾನನ ನನ್ನ ಮುಂದೆ ಹಿಡಿದ.

ಎಂಜಲು. ಇಷ್ಟು ವರ್ಷದಲ್ಲಿ ನಾನು ಹೆಂಡತಿಯ ಲೋಟಕ್ಕೂ ತುಟಿ ತಾಗಿಸಿದವನಲ್ಲ. ಎಲ್ಲರೂ ನೋಡುತ್ತಿದ್ದರು. ಬೇಡವೆಂದರೆ ಮನೆಯವರಿಗೆ ಅವಮಾನ. ನನಗೆ ಒಂದೇ ದಾರಿ ತೋಚಿತು. ಚೊಂಬಿನ ನೀರು ಕುಡಿಯುವಂತೆ ತಲೆ ಹಿಂದಕ್ಕೆ ಹಾಕಿ, ಕೊಳವೆಯನ್ನು ಹೆಬ್ಬೆರಳಿಂದ ಬದಿಗೆ ಒತ್ತಿ, ಬಟ್ಟಲನ್ನು ಮೇಲೆತ್ತಿ ಬಾಯಿಗೆ ಬಗ್ಗಿಸಿದೆ.

ಮೊದಲು ಏನೂ ಬೀಳಲಿಲ್ಲ. ಎಲೆ ನೀರನ್ನು ಹಿಡಿದಿತ್ತು. ಇನ್ನೂ ಬಗ್ಗಿಸಿದೆ. ಒಮ್ಮೆಗೇ ಎಲ್ಲವೂ ಕಳಚಿ ಗಲ್ಲ, ಕುತ್ತಿಗೆ, ಅಂಗಿಯ ಒಳಗೆ ಎದೆಯವರೆಗೆ ಇಳಿಯಿತು.

ನಾನು ಕೂಗಲಿಲ್ಲವೆಂದು ನನ್ನ ನೆನಪು. ಕೂಗಿದಿರಿ ಎಂದು ಸುಶೀಲಾ ಹೇಳುತ್ತಾಳೆ. ರುಬೆನ್ ಹೊಟ್ಟೆ ಹಿಡಿದುಕೊಂಡು ನಕ್ಕ. ಮಾಟೆಯಲ್ಲಿ ಸ್ನಾನ ಮಾಡುವ ಜನರನ್ನು ಇವತ್ತೇ ಕಂಡೆ ಎಂದನಂತೆ. ಎಲೆನಾ ನಗುತ್ತಲೇ ಒದ್ದೆ ಬಟ್ಟೆ ತಂದಳು. ಗಜಾನನ ನನ್ನ ಅಂಗಿಯ ಗುಂಡಿ ಬಿಚ್ಚಿದ. ಅವನ ನಗು ಅಲ್ಲಿಗೆ ನಿಂತಿತು. ಕುತ್ತಿಗೆಯಿಂದ ಎದೆಯವರೆಗೆ ಕೆಂಪು ಪಟ್ಟೆ ಎದ್ದಿತ್ತು. ತಣ್ಣೀರು ಸುರಿಯುತ್ತಿದ್ದ ಹಾಗೆಯೇ ಎರಡು ಕಡೆ ಬೊಕ್ಕೆ ಏಳತೊಡಗಿತು.

"ಇದು ಇಷ್ಟು ಬಿಸಿ ಇತ್ತಾ?" ಎಂದ.

"ನೀನೇ ಅಲ್ಲವೇ ಸುರಿದದ್ದು?" ಎಂದೆ.

"ಬಾಯಿಗೆ ಗೊತ್ತಾಗೂದಿಲ್ಲ ಭಾವಾ. ಕೊಳವೆ ಅಲ್ವಾ, ತುಟಿಗೂ ತಾಗೂದಿಲ್ಲ, ನಾಲಗೆಗೂ ತಾಗೂದಿಲ್ಲ. ಸೀದಾ ಒಳಗೆ ಹೋಗ್ತದೆ." ಅಷ್ಟು ಹೇಳಿ ತನ್ನ ಎದೆಯ ನಡುವೆ, ತುತ್ತು ಸಿಕ್ಕಿಕೊಳ್ಳುವ ಜಾಗದ ಮೇಲೆ ಕೈಯಿಟ್ಟುಕೊಂಡ. "ಬೆಳಗಿಂದ ಸಂಜೆವರೆಗೆ ಇದ್ನೇ ಹೊಯ್ಕೊಳ್ತೆ ನಾನು."

ಸುಶೀಲಾ ಬಾಯಿ ತೆರೆದಳು. ನಾನು ಕಣ್ಸನ್ನೆಯಲ್ಲಿ ತಡೆದೆ. ಸ್ವಲ್ಪ ಹೊತ್ತು ಅವನು ನನ್ನ ಎದೆಯ ಬೊಕ್ಕೆಗಳನ್ನೇ ನೋಡುತ್ತ ಕುಳಿತ. ಆಮೇಲೆ ಎಲೆನಾಗೆ ಅವಳ ಭಾಷೆಯಲ್ಲಿ ಏನೋ ಹೇಳಿದ. ಅವಳು ಎದ್ದು ಫೋನಿಗೆ ಓಡಿದಳು.

"ನಾಳೆ ಬೆಳಿಗ್ಗೆಗೇ ಆಸ್ಪತ್ರೆಯಲ್ಲಿ ಜಾಗ ಕೇಳು ಅಂದೆ" ಎಂದ ಗಜಾನನ. "ನಾಡಿದ್ದು ಅಂದ್ರೆ ನಾನು ಓಡಿ ಹೋತೆ."

ಆಸ್ಪತ್ರೆ, ಮತ್ತು ಕಾಯುವುದು

ವೈದ್ಯೆ ನಲವತ್ತರ ಆಸುಪಾಸಿನವಳು, ಇಂಗ್ಲಿಷ್ ಬಲ್ಲವಳು. ಅವಳ ಮೇಜಿನ ಮೇಲೂ ಸೋರೆಬುರುಡೆ ಇತ್ತು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿದಳು. "ನನ್ನದು ಬೆಚ್ಚಗಿದೆ, ಮುಟ್ಟಿ ನೋಡಿ" ಎಂದಳು. ಮುಟ್ಟಿ ನೋಡಿದೆ. ಹೇಳಿದ್ದು ಸರಿಯಾಗಿತ್ತು.

ನಳಿಗೆ ಇಳಿಸಿ ನೋಡಿದಳು. ಅನ್ನನಾಳದ ನಡುವೆ ಹುಣ್ಣು, ಊತ. ಅಲ್ಲಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಿದಳು. ಫಲಿತಾಂಶಕ್ಕೆ ಒಂದು ವಾರವಾದರೂ ಬೇಕು.

ನಾನು ಅವಳನ್ನು ನೇರವಾಗಿ ಕೇಳಿದೆ, ಈ ಎಲೆಯಿಂದ ಕ್ಯಾನ್ಸರ್ ಬರುತ್ತದೆಯೇ ಎಂದು. ಅವಳು ಕೊಟ್ಟ ಉತ್ತರ ನನಗೆ ಹಿಡಿಸಿತು, ಏಕೆಂದರೆ ಅವಳೂ ಮುಳ್ಳು ನಿಂತಲ್ಲಿಯೇ ನಿಂತಳು. ಆ ಸೀಮೆಯಲ್ಲಿ ಈ ರೋಗ ಹೆಚ್ಚು ಎನ್ನುವುದು ನಿಜ. ಮಾಟೆ ಹೆಚ್ಚು ಕುಡಿಯುವವರಲ್ಲಿ ಕಾಣುವುದೂ ಉಂಟು. ಆದರೆ ಅವರಲ್ಲಿ ಬಹಳ ಜನ ಸಿಗರೇಟು ಸೇದುತ್ತಾರೆ, ಮದ್ಯ ಕುಡಿಯುತ್ತಾರೆ. ಎಲೆಯನ್ನು ಹೊಗೆಯಲ್ಲಿ ಒಣಗಿಸುವುದರ ಮೇಲೂ ಕೆಲವರಿಗೆ ಅನುಮಾನವಿದೆ. ಎಲ್ಲಕ್ಕಿಂತ ಗಟ್ಟಿಯಾದ ಅನುಮಾನ ಬಿಸಿಯ ಮೇಲೆ. ಮಾಟೆಯೇ ಆಗಲಿ, ಚಹಾವೇ ಆಗಲಿ, ಬರೀ ನೀರೇ ಆಗಲಿ, ಸುಡುವಷ್ಟು ಬಿಸಿಯಾದದ್ದನ್ನು ವರ್ಷಗಟ್ಟಲೆ ಒಂದೇ ದಾರಿಯಲ್ಲಿ ಇಳಿಸಿದರೆ ಆ ದಾರಿಗೆ ಒಳ್ಳೆಯದಲ್ಲ. "ಎಲೆಯ ಬಗ್ಗೆ ನಾನು ಪ್ರಮಾಣ ಮಾಡಲಾರೆ. ನೀರು ಆರಲಿ ಎಂದು ಮಾತ್ರ ಎಲ್ಲರಿಗೂ ಹೇಳುತ್ತೇನೆ."

ಮನೆಗೆ ಬಂದು ಗಜಾನನನ ನೀರು ಕಾಯಿಸುವ ಕೆಟಲನ್ನು ಪರಿಶೀಲಿಸಿದೆ. ಬಿಸಿ ಎಷ್ಟಿರಲೆಂದು ತಿರುಗಿಸುವ ಅದರ ಗುಂಡಿಯಲ್ಲಿ ಎರಡು ಗುರುತುಗಳಿದ್ದವು. ಒಂದು ಕುದಿಗೆ, ಇನ್ನೊಂದು ಅದಕ್ಕಿಂತ ಕೆಳಗೆ, ಮಾಟೆಗೆಂದೇ. ಕೆಳಗಿನ ಗುರುತು ಹೊಸದರಂತೆ ಹೊಳೆಯುತ್ತಿತ್ತು.

"ಇದನ್ನು ಯಾಕೆ ಮುಟ್ಟಿಲ್ಲ?"

"ಕುದಿ ಬರದ ನೀರು ಕುಡೂದಾ ಭಾವಾ?" ಎಂದ ಗಜಾನನ, ನಾನೇ ತಪ್ಪು ಮಾತಾಡಿದಂತೆ. "ನಾಗವೇಣಿಯಕ್ಕ ಹೇಳ್ತಿತ್ತಲ್ಲ, ಕಷಾಯ ಕೊತಕೊತ ಕುದೀಬೇಕು, ಇಲ್ದಿದ್ರೆ ಸೊಪ್ಪಿನ ಗುಣ ಇಳಿಯೂದಿಲ್ಲ ಅಂತ."

ಎಲೆನಾ ಇದನ್ನು ಅರ್ಥ ಮಾಡಿಸಿಕೊಂಡು ಹಣೆ ಚಚ್ಚಿಕೊಂಡಳು. ಕುದಿನೀರು ಹಾಕಿದರೆ ಎಲೆ ಸೀದು ಕಹಿಯಾಗುತ್ತದೆ ಎಂದು ಮದುವೆಯಾದಾಗಿನಿಂದ ಹೇಳುತ್ತಿದ್ದಾಳಂತೆ. ಅವಳ ಸರದಿ ಬಂದಾಗ ಬಟ್ಟಲಿಗೆ ಒಂದಿಷ್ಟು ತಣ್ಣೀರು ಬೆರೆಸಿಕೊಳ್ಳುತ್ತಾಳಂತೆ. ರುಬೆನ್ ಕೂಡ ಹಾಗೆಯೇ; ಅಂದು ನಾನು ಗಮನಿಸಿರಲಿಲ್ಲ. ಇಡೀ ಬಂದರಿನಲ್ಲಿ ಕೊತಕೊತ ಕುದಿದ ಮಾಟೆಯನ್ನು ಹಾಗೆಯೇ ಇಳಿಸುವವನು ಕೇಣಿಯ ಗಜಾನನ ಒಬ್ಬನೇ. ನನಗೆ ಕೊಟ್ಟದ್ದು ಅವನ ಅಳತೆಯ ಮರ್ಯಾದೆ.

ಆ ಸಂಜೆ ಸುಶೀಲಾ ತಾನು ತಂದ ಪುಡಿಯಿಂದ ಹಾಲು ಬೆಲ್ಲ ಹಾಕಿ ಕಷಾಯ ಮಾಡಿದಳು. ಇಳಿಸಿದವಳು ಅಭ್ಯಾಸದಂತೆ ಒಂದು ಲೋಟದಿಂದ ಇನ್ನೊಂದಕ್ಕೆ, ಭುಜದೆತ್ತರದಿಂದ ಸೊಂಟದವರೆಗೆ, ಮೇಲೆ ಕೆಳಗೆ ಹೊಯ್ಯುತ್ತ ಆರಿಸಿದಳು. ಒಂದು ಹನಿಯೂ ಚೆಲ್ಲಲಿಲ್ಲ. ರುಬೆನ್ ಬಲೆ ಕೆಳಗಿಟ್ಟು ಚಪ್ಪಾಳೆ ತಟ್ಟಿದ. ಗಜಾನನ ಮಾತ್ರ ಚಪ್ಪಾಳೆ ತಟ್ಟದೆ ನೋಡುತ್ತ ನಿಂತ.

"ನಾಗವೇಣಿಯಕ್ಕನೂ ಹಿಂಗೇ ಹೊಯ್ದು ಹೊಯ್ದು ಕೊಡ್ತಿತ್ತು" ಎಂದ.

"ಮತ್ತೆ? ಕುದ್ಸೂದು ಒಂದೇ ಕಟ್ಕೊಂಡು ಹಡಗು ಹತ್ತಿದ್ಯಲ್ಲೋ, ಆರ್ಸೂದು ಕೇಣೀಲೇ ಬಿಟ್ಟು ಬಂದೆ" ಎಂದಳು ಸುಶೀಲಾ.

ಆ ವಾರ ಹೇಗೆ ಕಳೆಯಿತೆಂದರೆ, ನಾನು ಬೆಳಿಗ್ಗೆ ಎದ್ದು ಬಂದರಿನ ಉದ್ದಕ್ಕೂ ನಡೆದೆ, ಖಾನಾವಳಿಯ ಮಸಾಲೆ ಡಬ್ಬಗಳಿಗೆ ಹೆಸರು ಅಂಟಿಸಿದೆ, ಬಾಗಿಲಿನ ಕಿರುಗುಟ್ಟುವ ಕೀಲಿಗೆ ಎಣ್ಣೆ ಹಾಕಿದೆ. ಮಾಡುವ ಕೆಲಸ ಮುಗಿದಾಗ ಮಸಾಲೆ ಡಬ್ಬಗಳನ್ನು ಎತ್ತರದ ಪ್ರಕಾರ ಮತ್ತೆ ಜೋಡಿಸಿದೆ. ಯಾರೂ ತಡೆಯಲಿಲ್ಲ. ನನ್ನ ಕೈಗೆ ಕೆಲಸ ಬೇಕೆಂದು ಎಲ್ಲರಿಗೂ ಗೊತ್ತಿತ್ತು.

ಫಲಿತಾಂಶದ ದಿನ ಗಜಾನನ ವೈದ್ಯೆಯ ಎದುರಿನ ಕುರ್ಚಿಯಲ್ಲಿ ಕೂರಲೊಪ್ಪದೆ ಬಾಗಿಲ ಬಳಿಯೇ ನಿಂತ. ವೈದ್ಯೆ ಕಾಗದ ನೋಡಿ ಮೊದಲು ಅವನ ಭಾಷೆಯಲ್ಲಿ, ಆಮೇಲೆ ನಮಗಾಗಿ ಇಂಗ್ಲಿಷಿನಲ್ಲಿ ಹೇಳಿದಳು. ಕ್ಯಾನ್ಸರ್ ಅಲ್ಲ. ಹೊಟ್ಟೆಯ ಆಮ್ಲ ಮೇಲೆ ಬರುತ್ತಿದೆ, ಬಿಸಿ ಮೇಲಿನಿಂದ ಸುಡುತ್ತಿದೆ, ಎರಡರ ನಡುವೆ ಹುಣ್ಣಾಗಿದೆ. ಮಾತ್ರೆಗಳಿವೆ. ಕೆಲವು ತಿಂಗಳ ನಂತರ ಮತ್ತೊಮ್ಮೆ ನಳಿಗೆ ಇಳಿಸಿ, ಮಾಗಿದೆಯೇ ಎಂದು ನೋಡಬೇಕು.

ಗಜಾನನ ಈಗ ಕುರ್ಚಿಯಲ್ಲಿ ಕುಳಿತ, ಕುಳಿತದ್ದಲ್ಲ, ಬಿದ್ದ. ಎಲೆನಾ ಸುಶೀಲಾಳನ್ನು ಅಪ್ಪಿಕೊಂಡು ಅತ್ತಳು. ಸುಶೀಲಾ ತಮ್ಮನ ಬೆನ್ನಿಗೆ ಒಂದು ಗುದ್ದಿದಳು. "ಓಡಿ ಹೋತೆ ಅಂದಿದ್ಯಲ್ಲ, ಈಗ ಓಡು!"

ಸಂಜೆ ಹಿತ್ತಲಲ್ಲಿ ಕೆಳಗಿನ ಗುರುತಿನವರೆಗೆ ಮಾತ್ರ ಕಾಯಿಸಿ, ಇನ್ನೂ ಸ್ವಲ್ಪ ಆರಿಸಿದ ನೀರು. ಬಟ್ಟಲು ನನ್ನ ಸರದಿಗೆ ಬಂತು. ರುಬೆನ್ ತನ್ನ ಕುರ್ಚಿಯನ್ನು ದೂರಕ್ಕೆ ಎಳೆದುಕೊಂಡ, ಸ್ನಾನದ ನೀರು ಸಿಡಿಯದಿರಲೆಂದು. ನಾನು ಕೊಳವೆಗೆ ಬಾಯಿ ಹಾಕಿದೆ. ಅದೇ ಕೊಳವೆ, ಎಲ್ಲರ ಎಂಜಲು. ಹಸಿ ಹುಲ್ಲು ಹೊಗೆಯಾಡಿದಂಥ ಕಹಿ. ಕೊನೆಯವರೆಗೆ ಹೀರಿ, ಅವರ ಭಾಷೆಯಲ್ಲಿ ಕಲಿತಿದ್ದ ಒಂದೇ ಪದ ಹೇಳಿದೆ, ಗ್ರಾಸಿಯಾಸ್. ಉಪಕಾರವಾಯಿತು ಎಂದು. ಬಟ್ಟಲು ಹಿಂತಿರುಗಿಸುವಾಗ ಹಾಗೆಂದರೆ ಇನ್ನು ಸಾಕು ಎಂದು ಅರ್ಥವಂತೆ. ಆ ಮೇಲೆ ಬಟ್ಟಲು ನನ್ನನ್ನು ದಾಟಿಯೇ ಸುತ್ತಿತು. ನನಗೇನೂ ಬೇಸರವಾಗಲಿಲ್ಲ.

ಕೇಣಿ

ಗೋವಾದಲ್ಲಿ ಇಳಿದವರು ಕದ್ವಾಡಕ್ಕೆ ಹೋಗಿ ಚೀಲ ಇಟ್ಟು, ಮುಖ ತೊಳೆದು, ಅಂಕೋಲೆಯ ಬಸ್ಸು ಹಿಡಿದೆವು. ಸುಶೀಲಾ ದಾರಿಯುದ್ದಕ್ಕೂ ನನಗೆ ಪಾಠ ಹೇಳಿದಳು. "ಎಂತದೂ ಇಲ್ಲ, ಆರಾಮ ಇದ್ದ ಅಂತ ಹೇಳಿ ಸಾಕು. ಮತ್ತೊಂದ್ಸಲ ನಳಿಗೆ ಹಾಕೂ ವಿಷಯ ತೆಗೀಬೇಡಿ. ಅಕ್ಕ ಹೆದರ್ತದೆ."

ದೀಪ ಹಚ್ಚಿದ ಮೇಲೆ ಕೇಣಿ ತಲುಪಿದೆವು. ನಾಗವೇಣಿಯಕ್ಕ ಚಾಪೆ ಹಾಕಿ ನನ್ನ ಎದುರಿಗೆ ಕುಳಿತರು. ಸೊರಗಿದ್ದರು. "ಹೇಳಿ."

ನಾನು ಕ್ರಮವಾಗಿ ಹೇಳಿದೆ. ಹುಣ್ಣಿದೆ. ಚೂರು ತೆಗೆದು ನೋಡಿದ್ದಾರೆ, ಕ್ಯಾನ್ಸರ್ ಅಲ್ಲ. ಮಾತ್ರೆ ಕೊಟ್ಟಿದ್ದಾರೆ. ನಾವು ಹೊರಡುವಾಗ ಮೆತ್ತಗಿನ ಅನ್ನ ನುಂಗುತ್ತಿದ್ದ, ಒಣ ರೊಟ್ಟಿ ಇನ್ನೂ ಇಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಸುಶೀಲಾ ನನ್ನನ್ನೇ ನೋಡುತ್ತಿದ್ದಳು. "ಕೆಲವು ತಿಂಗಳ ನಂತರ ಮತ್ತೊಮ್ಮೆ ನಳಿಗೆ ಹಾಕಿ ನೋಡಬೇಕು. ಆಗ ಮಾಗಿರುತ್ತದೆ ಎಂದು ವೈದ್ಯರ ನಿರೀಕ್ಷೆ. ನಿರೀಕ್ಷೆ ಮಾತ್ರ."

ಸುಶೀಲಾ ಹಣೆಗೆ ಕೈ ಹಚ್ಚಿಕೊಂಡಳು.

ನಾಗವೇಣಿಯಕ್ಕ ಕಣ್ಣು ಒರೆಸಿಕೊಂಡು, "ಹಂಗಾರೆ ಖರೆ" ಎಂದರು. "ಬರೀ ಒಳ್ಳೇದೇ ಹೇಳಿದ್ರೆ ನಾ ನಂಬ್ತಿರಲಿಲ್ಲ. ಅಪ್ಪನ ವಿಷಯ ಹೇಳ್ದವ್ರು ಬರೀ ಒಳ್ಳೇದೇ ಹೇಳಿದ್ರು."

ಅವರು ಎದ್ದು ಒಳಗೆ ಹೋದರು. ಗಡಿಗೆಯ ಮುಚ್ಚಳ ತೆಗೆದ ಸದ್ದು ಕೇಳಿತು. ಮೂವರಿಗೂ ಬ್ಯಾಡಿಗೆ ಮೆಣಸಿನ ಬಂಗಡೆ ಸಾರು, ಕುಚ್ಚಲಕ್ಕಿ ಅನ್ನ ಬಡಿಸಿಕೊಂಡು ಬಂದರು. ಅನ್ನ ಬಿಸಿಯಿತ್ತು. ಅವರು ಮೊದಲ ತುತ್ತು ಕಲಸಿದರು, ಬಾಯಿಗೆ ಒಯ್ಯುವ ಮುನ್ನ ಅಂಗೈಯಲ್ಲೇ ಇಟ್ಟುಕೊಂಡು ಊದಿದರು, ಆರಲು ಬಿಟ್ಟರು, ಆಮೇಲೆ ನುಂಗಿದರು. ಎರಡನೆಯ ತುತ್ತಿಗೆ ಅಷ್ಟು ಹೊತ್ತು ಕಾಯಲಿಲ್ಲ.

ಊಟ ಮುಗಿದ ಮೇಲೆ ಮೂರು ತಟ್ಟೆಗಳನ್ನೂ ನಾನೇ ಎತ್ತಿದೆ. ಬಾವಿಕಟ್ಟೆಯಲ್ಲಿ ತೊಳೆದು ಬೋರಲು ಹಾಕಿದೆ.